ಪಾವಣೆ ಎರಡು

3 ಫೆಬ್ರವರಿ 2025, ಸೋಮವಾರ. ಶಿಗ್ಗಾಂವ–ಸವಣೂರು ಬಸ್ಸು

ಇನ್ನು ಮುಂದೆ ಡೈರಿ ಬಸ್ಸಿನಲ್ಲೇ. ಮನೆಯಲ್ಲಿ ಅಮ್ಮಿಯ ಕಣ್ಣು, ಲ್ಯಾಬಿನಲ್ಲಿ ಮಹಾಲಿಂಗಪ್ಪ ಸಾಹೇಬರ ಕಣ್ಣು. ಎರಡರ ನಡುವೆ ಈ ಮುಕ್ಕಾಲು ತಾಸಿನ ಕಿಟಕಿ ಸೀಟು ಮಾತ್ರ ನನ್ನ ಪಾಲಿನದು. ಅಕ್ಷರ ಕುಣಿದರೆ ಕುಣಿಯಲಿ, ಯಾರು ಓದಬೇಕಾಗಿದೆ? ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ಮಾತಾಡಲು ಮಾತ್ರ. ಸದ್ಯ ಅಷ್ಟಾದರೂ ಆಯಿತು.

ಲ್ಯಾಬು ಸೇರಿ ಏಳು ತಿಂಗಳು. ಸೇರಿದ ದಿನವೇ ಸಾಹೇಬರು ನನ್ನ ಬಿ.ಸಿ.ಎ. ಮಾರ್ಕ್ಸ್ ಕಾರ್ಡು, ಹತ್ತನೆಯ ತರಗತಿಯ ಸರ್ಟಿಫಿಕೇಟು, ಎಲ್ಲ ಅಸಲಿ ಕಾಗದಗಳನ್ನು ಪ್ಲಾಸ್ಟಿಕ್ ಕವರಿನ ಸಮೇತ ತಿಜೋರಿಯಲ್ಲಿಟ್ಟರು. “ನನ್ನ ಕಡೆ ಭದ್ರ ಇರ್ತಾವವಾ. ವರ್ಷ ತುಂಬಿದ ಮ್ಯಾಲ ಒಯ್ಯು” ಎಂದರು. ಹೂಂ ಅಂದೆ. ತಿಜೋರಿಯ ಕೀಲಿ ಅವರ ಅಂಗಿಯ ಕಿಸೆಯಲ್ಲಿರುತ್ತದೆ. ಅವರು ಬಗ್ಗಿದಾಗೆಲ್ಲ ನನ್ನ ಕಣ್ಣು ಆ ಕಿಸೆಗೇ ಹೋಗುತ್ತದೆ.

ಕೆಲಸವೇನೋ ಸರಳ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ನಾಲ್ಕು ತಾಲೂಕಿನ 612 ಬೋರುಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಿ ಮೇಲಿನ ಆಫೀಸಿಗೆ ಫೈಲು ಕಳಿಸಬೇಕು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ಬೋರಿನ ಕೈಪಂಪಿಗೆ ಕೆಂಪು ಬಣ್ಣ, ಕುಡಿಯಬಾರದು. ಒಳಗಿದ್ದರೆ ನೀಲಿ, ಕುಡಿಯಬಹುದು. ಬಣ್ಣ ಬಳಿಯುವವರು ನೀರು ನೋಡುವುದಿಲ್ಲ, ನಮ್ಮ ಫೈಲು ನೋಡುತ್ತಾರೆ.

ನೀರು ಪರೀಕ್ಷೆ ಮಾಡುವವರು ಉಳಿವೆಪ್ಪ ಕಾಕಾ. ಮೊದಲು ಪಂಪು ರಿಪೇರಿ ಮಾಡುತ್ತಿದ್ದವರು. ಸೀಸೆಯ ನೀರಿಗೆ ಔಷಧ ಹಾಕಿ, ತಿರುಗಿದ ಬಣ್ಣವನ್ನು ಪಟ್ಟಿಯ ಪಕ್ಕ ಹಿಡಿದು ಕಾಲು ಕಾಲಿನ ಲೆಕ್ಕದಲ್ಲಿ ಅಳತೆ ಹೇಳುತ್ತಾರೆ. ಸಂಖ್ಯೆ ಬರೀರಿ ಕಾಕಾ ಎಂದು ಕೈಮುಗಿದರೂ ಕೇಳುವುದಿಲ್ಲ. ಅವರ ಹಾಳೆಯ ತುಂಬ ‘ಸವ್ವಾ’, ‘ದೀಡ’, ‘ಪಾವಣೆ ಎರಡು’, ‘ಅಡೀಚ’. ಸಂತೆಯಲ್ಲಿ ಮೆಣಸಿನಕಾಯಿ ತೂಗಿದ ಹಾಗೆ. ನಾನು ಕೂತು ಅವನ್ನೆಲ್ಲ 1.25, 1.5, 1.75, 2.5 ಮಾಡಬೇಕು.

ಈ ಅಂಕಿಗಳನ್ನು ಫೈಲಿಗೆ ಬರೆಯುವ ಪ್ರೋಗ್ರಾಂ ಇಂದು ಮೊದಲ ಸಾಲಿಗೇ ಮುಷ್ಕರ ಹೂಡಿತು. ನನಗಿಂತ ಮೊದಲಿದ್ದ ಪುಣ್ಯಾತ್ಮರು ಅರ್ಧ ಬರೆದು ಬಿಟ್ಟುಹೋದದ್ದು. ನನಗೆ ಅಕ್ಷರ ಬೇಕು, ನೀನು ಸಂಖ್ಯೆ ಕೊಟ್ಟಿದ್ದೀ ಎಂದು ಅದರ ತಕರಾರು. ಟೆಕ್ಸ್ಟ್ ಫೈಲಿಗೆ 1.5 ಎಂಬ ಸಂಖ್ಯೆ ಗೊತ್ತಿಲ್ಲ. ಒಂದು, ಚುಕ್ಕಿ, ಐದು ಎಂಬ ಮೂರು ಅಕ್ಷರಗಳಷ್ಟೇ ಗೊತ್ತು. ಸಂಖ್ಯೆಯನ್ನು ಮೊದಲು ಅಕ್ಷರ ಮಾಡಿ ಆಮೇಲೆ ಕೊಡಬೇಕು. ಎರಡು ತಾಸು ಒದ್ದಾಡಿ ಆ ಮಾತನ್ನು ಸೇರಿಸಿದೆ. ಬಾಯಿ ಮುಚ್ಚಿಕೊಂಡಿತು.

6 ಫೆಬ್ರವರಿ, ಗುರುವಾರ. ಬಸ್ಸು

ಒಂದು ಮುಚ್ಚಿದರೆ ಇನ್ನೊಂದು ಬಾಯಿ. ಪ್ರತಿ ಬೋರನ್ನು ಮೂರು ದಿನ ನೋಡಿ ಸರಾಸರಿ ತೆಗೆಯಬೇಕಲ್ಲ, 1.75, 1.75, 1.5 ಕೂಡಿಸಿ ಮೂರರಿಂದ ಭಾಗಿಸಿದರೆ 1.6666666666666667 ಎಂದು ಬಾಲ ಬಿಟ್ಟುಕೊಂಡು ಬರುತ್ತದೆ. ಅಷ್ಟೂ ಫೈಲಿಗೆ ಇಳಿದಿದೆ. ಮೇಲಿನ ಆಫೀಸಿನ ಯಂತ್ರ ಆ ಜಾಗಕ್ಕೆ ನಾಲ್ಕೇ ಅಕ್ಷರ ಬಿಟ್ಟಿದೆಯಂತೆ. ಇಡೀ ಫೈಲನ್ನೇ ತಿರುಗಿ ಎಸೆಯಿತು.

ಸಾಹೇಬರು ಬೆನ್ನ ಹಿಂದೆ ಬಂದು ನಿಂತರು. ಅವರು ನಿಂತರೆ ನನ್ನ ಬೆರಳು ಮರಗಟ್ಟುತ್ತವೆ. “ಏನವಾ ಕೌಸರ, ಆ ಬಾಲ ಕತ್ತರಿಸಿ ಒಗದ್ರ ಆತು. ಐದರೊಳಗ ಫೈಲ್ ಹೋಗಬೇಕು.”

ಐದಕ್ಕೆ ಹತ್ತು ನಿಮಿಷವಿತ್ತು. ಸಂಖ್ಯೆಯನ್ನು ಪೂರ್ಣಾಂಕ ಮಾಡಿ ಆಮೇಲೆ ಅಕ್ಷರ ಮಾಡಿಬಿಟ್ಟೆ. ಬಾಲ ಹೋಯಿತು, ಯಂತ್ರ ಗಪ್‌ಚುಪ್ ನುಂಗಿತು. ಅಷ್ಟು ಕತ್ತರಿಸಬಾರದಿತ್ತೇನೋ, ಚುಕ್ಕಿಯ ಮುಂದಿನ ಎರಡು ಅಂಕಿ ಉಳಿಸಬೇಕಿತ್ತೇನೋ. ನಾಳೆ ನೋಡಿದರಾಯಿತು. ಬಸ್ಸು ತಪ್ಪಿದರೆ ಅಮ್ಮಿಗೆ ಉತ್ತರ ಕೊಡುವವರು ಯಾರು?

7 ಫೆಬ್ರವರಿ, ಶುಕ್ರವಾರ

ಫೈಲು ಹೊತ್ತಿಗೆ ಸರಿಯಾಗಿ ಹೋಯಿತೆಂದು ಸಾಹೇಬರು ಎಲ್ಲರಿಗೂ ಪೇಢೆ ಕೊಟ್ಟರು. ನನಗೆ ಎರಡು. ನಿನ್ನೆಯದನ್ನು ನೋಡಲಿಲ್ಲ, ಹೊಸ ಹಾಳೆಗಳ ಕಟ್ಟು ಬಂದು ಬಿತ್ತು.

19 ಫೆಬ್ರವರಿ, ಬುಧವಾರ. ಬಸ್ಸು

ಬಂತು! ಹಾವೇರಿಯ ಸರಕಾರಿ ಹಾಸ್ಟೆಲಿನಲ್ಲಿ ಕಂಪ್ಯೂಟರ್ ಸಹಾಯಕಿ ಹುದ್ದೆಯ ಪಟ್ಟಿಯಲ್ಲಿ ನನ್ನ ಹೆಸರಿದೆ. ಮಾರ್ಚ್ 20ಕ್ಕೆ ದಾಖಲೆ ಪರಿಶೀಲನೆ. ಮೂರು ವರ್ಷ ಬರೆದ ಪರೀಕ್ಷೆಗಳೆಲ್ಲ ಮಣ್ಣು ಮುಕ್ಕಿ, ಇದೊಂದು ಕೈಹಿಡಿದಿದೆ. ಅಸಲಿ ಕಾಗದ ತರದವರು ಬರಲೇಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ.

ಸಾಹೇಬರ ಟೇಬಲ್ಲಿನ ಮುಂದೆ ಎಷ್ಟು ಹೊತ್ತು ನಿಂತೆನೋ. ಅವರು ಫೋನಿನಲ್ಲಿದ್ದರು. ಮುಗಿಸಿ ಹೇಳಿದ್ದಿಷ್ಟು: “ಭಾಳ ಛಲೋ ಆತು. ಈ ಫೈಲಿನ ಕೆಲಸ ಪೂರಾ ಮುಗಿಸಿ ಕೊಡು. ಹತ್ತೊಂಬತ್ತನೇ ತಾರೀಖಿಗೆ ನಾನ ನಿನ್ನ ಕೈಯಾಗ ಇಡ್ತೇನಿ. ಮಗಳಿದ್ದಂಗ ಇದ್ದಿ, ನಿನ್ನ ಕಾಗದ ಇಟ್ಕೊಂಡ ನಾನೇನ ಉಪ್ಪಿನಕಾಯಿ ಹಾಕಲಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೂಂ ಅಂದೆ.

ಅಮ್ಮಿ ಇಷ್ಟರಲ್ಲಿ ಓಣಿಗೆಲ್ಲ ಸಾರಿ ಬಂದಿರುತ್ತಾಳೆ.

5 ಮಾರ್ಚ್, ಬುಧವಾರ. ಬಸ್ಸು. ರಂಜಾನಿನ ನಾಲ್ಕನೆಯ ರೋಜಾ

ಇಂದು ನನ್ನನ್ನು ಹಿರೇಕೆರೂರು ಕಡೆ ಕಳಿಸಿದರು. ಬಣ್ಣ ಬಳಿದ ಪಂಪುಗಳ ಫೋಟೋ ತೆಗೆದು ವರದಿಗೆ ಅಂಟಿಸಬೇಕಂತೆ. ಲ್ಯಾಬಿನ ಜೀಪು, ಜೊತೆಗೆ ಉಳಿವೆಪ್ಪ ಕಾಕಾ. ಎಂಟು ತಿಂಗಳಲ್ಲಿ ಮೊದಲ ಸಲ ಆ ಕೋಣೆಯಿಂದ ಹೊರಗೆ ಹೋದೆ. ಹಾವೇರಿ ದಾಟುವವರೆಗೆ ಕಿಟಕಿಯಿಂದ ತಲೆಯನ್ನೇ ಒಳಗೆ ತೆಗೆದುಕೊಳ್ಳಲಿಲ್ಲ. ಕಾಕಾ ನೋಡಿ, “ಬಸರಿ ಹೆಂಗಸು ತವರಿಗೆ ಹೊಂಟಂಗ ಕಾಣ್ತೀ ನೋಡು” ಎಂದು ಛೇಡಿಸಿದರು.

ಆ ಹಳ್ಳಿಯಲ್ಲಿ, ಬೋರ್ ನಂಬರ್ 417ರ ಹತ್ತಿರ, ಸಿದ್ದವ್ವ ಎಂಬ ಅಜ್ಜಿ ನೀರು ತುಂಬುತ್ತಿದ್ದಳು. ಪಂಪಿಗೆ ನೀಲಿ ಬಣ್ಣ, ಇನ್ನೂ ಹೊಳೆಯುತ್ತಿತ್ತು. ನಾವು ಯಾರು ಎಂದು ಗೊತ್ತಾದದ್ದೇ ತಡ, ನನ್ನ ಎರಡೂ ಕೈ ಹಿಡಿದುಕೊಂಡಳು.

“ನೀನೇನ ಬರಿಯಾಕಿ? ಮೊದಲ ಇದನ್ನ ಕುಡೀತಿದ್ವಿ, ಬ್ಯಾಡಂದ ಮ್ಯಾಲ ಹಳ್ಳದ ಆಚೆ ಶುದ್ಧ ನೀರಿನ ಘಟಕಕ್ಕ ಹೋಗಿ ತರತಿದ್ದೆ. ಮೊಣಕಾಲ ಸತ್ತ ಹೋಗಿದ್ವು. ಇದಕ್ಕ ನೀಲಿ ಹಚ್ಚಿದ ದಿವಸದಿಂದ ಬಾಗಲಾಗ ಗಂಗವ್ವ ಬಂದಂಗ ಆಗೇತಿ. ನಿನ್ನ ಹೊಟ್ಟಿ ತಣ್ಣಗಿರ್ಲಿ ನನ್ನವ್ವ.”

ಅವಳ ಸೆರಗು ಹಿಡಿದು ಆರು ವರ್ಷದ ಮೊಮ್ಮಗಳು ನಿಂತಿತ್ತು. ನಕ್ಕಿತು. ಹೊಸದಾಗಿ ಬಂದ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ.

ಅಜ್ಜಿ ಲೋಟ ತುಂಬಿ ನನ್ನ ಮುಂದೆ ಹಿಡಿದಳು. ರೋಜಾ ಐತಜ್ಜಿ ಎಂದೆ. “ಹೌದೇನಬೇ! ಇಂಥಾ ಬಿಸಲಾಗ ಉಗುಳು ನುಂಗದ ಬಂದೀಯೇನ? ಹಂಗಾರ ಸಂಜಿಗೆ ಕುಡಿಯಾಕ ಒಯ್ಯು” ಎಂದು ನನ್ನ ಬಾಟಲಿ ಕಸಿದುಕೊಂಡು ತುಂಬಿಯೇ ಕೊಟ್ಟಳು.

ವಾಪಸು ಬರುವಾಗ ಕಾಕಾ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಹಾವೇರಿ ದಾಟಿದ ಮೇಲೆ ಒಮ್ಮೆಲೇ, “ತಂಗೆವ್ವಾ, ಆ ಬೋರಿಗೆ ನಾ ಪಾವಣೆ ಎರಡ ಬರದೇನಿ. ಮೂರೂ ದಿವಸ ಪಾವಣೆ ಎರಡ. ದೀಡ ದಾಟಿದ್ರ ಕೆಂಪ ಬರಬೇಕಲ್ಲ. ನೀಲಿ ಹೆಂಗ ಆತು?” ಎಂದರು.

ಬಣ್ಣದವರು ತಪ್ಪಿರಬೇಕು ಎಂದೆ.

ಈಗ ಬಸ್ಸಿನಲ್ಲಿ ರೋಜಾ ಬಿಡುವ ಹೊತ್ತಾಯಿತು. ಖರ್ಜೂರ ಬಾಯಿಗೆ ಹಾಕಿಕೊಂಡೆ. ಬಾಟಲಿಯ ಮುಚ್ಚಳ ತೆಗೆದವಳು ಮತ್ತೆ ಹಾಕಿದೆ. ಪಕ್ಕದ ಸೀಟಿನಾಕೆಯ ಹತ್ತಿರ ಎರಡು ಗುಟುಕು ಕೇಳಿ ಕುಡಿದೆ. ಯಾಕೆ ಹಾಗೆ ಮಾಡಿದೆನೋ. ಬಣ್ಣದವರೇ ತಪ್ಪಿರಬೇಕು.

6 ಮಾರ್ಚ್, ಗುರುವಾರ. ಬಸ್ಸು

ಬಣ್ಣದವರಲ್ಲ. ನಾನು.

ಪೂರ್ಣಾಂಕ ಮಾಡಿದ್ದೆನಲ್ಲ, ಅದು ಬಾಲವನ್ನಷ್ಟೇ ಕತ್ತರಿಸುವುದಿಲ್ಲ, ಚುಕ್ಕಿಯ ಮುಂದಿನದನ್ನೆಲ್ಲ ಒಗೆಯುತ್ತದೆ. 1.75 ಕೊಟ್ಟರೆ 1. 1.99 ಕೊಟ್ಟರೂ 1. ಇದು ಮೊದಲ ವರ್ಷದ ಪಾಠ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ‘ನಾಳೆ ನೋಡಿದರಾಯಿತು’ ಎಂದವಳೂ ನಾನೇ. ಒಂದು ತಿಂಗಳಾಯಿತು ಆ ನಾಳೆಗೆ. ಥೂ ನನ್ನ!

ಯಂತ್ರ ಒಮ್ಮೆಯೂ ತಕರಾರು ಮಾಡಲಿಲ್ಲ. ಮಾಡಬೇಕಾಗಿದ್ದಾಗ ಸುಮ್ಮನಿತ್ತು.

ಕಾಕಾನ ಹಾಳೆಗಳನ್ನು ಒಂದು ಕಡೆ, ಕಳಿಸಿದ ಫೈಲನ್ನು ಒಂದು ಕಡೆ ಇಟ್ಟು ನೋಡಿದೆ. ಎರಡರಿಂದ ಮೇಲಿದ್ದ ಬೋರುಗಳಿಗೆ ಹೇಗೂ ಕೆಂಪೇ ಬಿದ್ದಿದೆ. ಒಂದೂವರೆ ದಾಟಿ ಎರಡರೊಳಗೆ ಇದ್ದವು ಸಿಕ್ಕಿಬಿದ್ದಿವೆ. ನಲವತ್ತಮೂರು. ಎಲ್ಲದಕ್ಕೂ ನೀಲಿ. ಸವಣೂರು ತಾಲೂಕಿನವು ಹನ್ನೊಂದು. ನಮ್ಮ ಓಣಿಯದಿಲ್ಲ ಎಂದು ನೋಡಿ ಉಸಿರು ಬಿಟ್ಟೆ. ಬಿಟ್ಟ ಮೇಲೆ ನಾಚಿಕೆಯಾಯಿತು.

ಸಿದ್ದವ್ವ ಕೊಟ್ಟ ಬಾಟಲಿ ಇನ್ನೂ ಚೀಲದಲ್ಲೇ ಇದೆ. ಚೆಲ್ಲಲಿಕ್ಕೂ ಆಗಲಿಲ್ಲ.

7 ಮಾರ್ಚ್, ಶುಕ್ರವಾರ. ಬಸ್ಸು

ಸಾಹೇಬರಿಗೆ ಹೇಳಿದೆ. ಅವರು ಸಿಟ್ಟಿಗೇಳುತ್ತಾರೆ ಎಂದುಕೊಂಡಿದ್ದೆ, ಏಳಲಿಲ್ಲ. ಎದ್ದಿದ್ದರೆ ಚೆನ್ನಾಗಿತ್ತು.

“ಕುಂದ್ರು” ಎಂದರು. ಕೂತೆ. “ಪಾಯಿಂಟಿನ ಮುಂದಿಂದ ಯಾರ ನೋಡ್ತಾರವಾ? ಇಷ್ಟ ವರ್ಷ ಅದನ್ನ ಕುಡದಾರ, ಇನ್ನೊಂದ ವರ್ಷಕ್ಕ ಯಾರೂ ಸಾಯೂದಿಲ್ಲ. ಮುಂದಿನ ವರ್ಷದ ಪರೀಕ್ಷಾದಾಗ ನಾವ ಸರಿ ಮಾಡೂಣು. ಈಗ ತಪ್ಪಾಗೇತಿ ಅಂತ ಬಾಯಿ ಬಿಟ್ರ ಮುಂದಿನ ಕೆಲಸ ನಮಗ ಕೊಡೂದಿಲ್ಲ. ಆರ ಮಂದಿ ಮನಿಗೆ ಹೋಗ್ತಾರ. ಉಳಿವೆಪ್ಪನೂ ಹೋಗ್ತಾನ.” ಆಮೇಲೆ ನೀರು ಕುಡಿದು, ಗ್ಲಾಸು ಮುಚ್ಚಿಟ್ಟು, “ಅಂದಂಗ ಆ ಸಾಲ ಬರದಾಕಿ ಯಾರು? ನಾ ಅಂತೂ ಅಲ್ಲ” ಎಂದರು.

ಸುಳ್ಳೇನಲ್ಲವಲ್ಲ.

“ಇಪ್ಪತ್ತನೇ ತಾರೀಖು ಐತಿ ನಿಂದು. ಅದರ ಕಡೆ ಲಕ್ಷ್ಯ ಕೊಡು.”

ಹೂಂ ಅಂದೆ.

8 ಮಾರ್ಚ್, ಶನಿವಾರ

ಕಿಟಕಿ ಸೀಟು ಸಿಗಲಿಲ್ಲ. ನಿಂತೇ ಬಂದೆ.

10 ಮಾರ್ಚ್, ಸೋಮವಾರ

ಅಮ್ಮಿ 20ಕ್ಕೆಂದು ಹೊಸ ಚೂಡಿದಾರ ಹೊಲಿಸಿದ್ದಾಳೆ. ತಿಳಿ ನೀಲಿ. ಬೇರೆ ಬಣ್ಣ ಸಿಗಲಿಲ್ಲವೇ ಎಂದು ಕಿರುಚಿದೆ. ಪಾಪ, ಅವಳಿಗೇನು ಗೊತ್ತು. ಅಲ್ಲಿಯೇ ಕೂತು ಅತ್ತಳು. ನಾನೂ ಅತ್ತೆ, ಬೇರೆ ಕಾರಣಕ್ಕೆ.

12 ಮಾರ್ಚ್, ಬುಧವಾರ. ಬಸ್ಸು

ನಮಾಜಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ರಕಾತು ಎಣಿಸುವಾಗ ನಲವತ್ತಮೂರು ಎಂಬ ಸಂಖ್ಯೆ ನಡುವೆ ಬರುತ್ತದೆ. ಲ್ಯಾಬಿಗೆ ಹೋದರೆ ತಿಜೋರಿ, ಮನೆಗೆ ಬಂದರೆ ಆ ಚೂಡಿದಾರ ಗೂಟಕ್ಕೆ ನೇತಾಡುತ್ತಿರುತ್ತದೆ. ಎತ್ತ ತಿರುಗಿದರೂ ಗೋಡೆ. ಈ ಬಸ್ಸಾದರೂ ಎಲ್ಲಾದರೂ ಬೇರೆ ಕಡೆ ಹೋಗಬಾರದೇ? ದಿನಾ ಅದೇ ಎರಡು ಊರು.

ಸಾಹೇಬರು ಮಧ್ಯಾಹ್ನ ಬ್ಯಾಂಕಿಗೆ ಹೋದಾಗ ಪ್ರೋಗ್ರಾಮನ್ನು ತೆರೆದೆ. ಸುಮ್ಮನೆ, ಕೈಗೆ ಕೆಲಸವಿರಲಿ ಎಂದು. ಪೂರ್ಣಾಂಕದ ಮಾತನ್ನು ಅಳಿಸಿದೆ. ಚುಕ್ಕಿಯ ಮುಂದೆ ಎರಡು ಅಂಕಿ ಉಳಿಸಿ ಅಕ್ಷರ ಮಾಡು ಎಂದೆ. 1.67. ನಾಲ್ಕೇ ಅಕ್ಷರ, ಸರಿಯಾಗಿ ಕೂತಿತು. ಇಷ್ಟೇ ಇತ್ತು ಕೆಲಸ. ಫೆಬ್ರವರಿ ಆರರಂದು ಐದು ನಿಮಿಷ ಹೆಚ್ಚು ಕೂತಿದ್ದರೆ ಮುಗಿಯುತ್ತಿತ್ತು.

ಇನ್ನೊಂದು ಮಾತನ್ನೂ ಸೇರಿಸಿದೆ. ಬರೆದ ಅಕ್ಷರವನ್ನು ತಿರುಗಿ ಓದಿ ಸಂಖ್ಯೆ ಮಾಡು, ಕಾಕಾನ ಹಾಳೆಯ ಸರಾಸರಿಗೆ ಹೊಂದದಿದ್ದರೆ ಅಲ್ಲೇ ನಿಂತು ಕೂಗು. ಬೇಕೆಂದೇ ತಪ್ಪು ಹಾಕಿ ನೋಡಿದೆ. ಕೂಗಿತು. ಇನ್ನು ಯಾರು ಬೆನ್ನ ಹಿಂದೆ ನಿಂತರೂ ಅದು ಸುಮ್ಮನಿರುವುದಿಲ್ಲ.

ಹೊಸ ಫೈಲು ತಯಾರಾಗಿದೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡೆ. ಕಳಿಸುವುದಕ್ಕಲ್ಲ, ಇರಲಿ ಎಂದು.

17 ಮಾರ್ಚ್, ಸೋಮವಾರ. ಬಸ್ಸು

ಉಳಿವೆಪ್ಪ ಕಾಕಾ ತಮ್ಮ ಹಳೆಯ ಹಾಳೆಗಳ ಕಟ್ಟು ತಂದು ನನ್ನ ಟೇಬಲ್ಲಿನ ಮೇಲೆ ಕುಕ್ಕಿದರು. “ಇಲ್ಲಿ ನೋಡು. 417. ಪಾವಣೆ ಎರಡ, ಪಾವಣೆ ಎರಡ, ಪಾವಣೆ ಎರಡ. ನನ್ನ ಕಣ್ಣ ಮಂಜ ಆಗ್ಯಾವೇನ ಅಂತ ನಿನ್ನೆ ಮತ್ತ ಹೋಗಿ ನೋಡಿ ಬಂದೇನಿ. ಅದ ಬಣ್ಣ. ಎರಡ ವಾರ ಆತು, ನಿದ್ದಿ ಹತ್ತವಲ್ದು. ನಾ ತಪ್ಪ ಬರದೇನೇನ ಹೇಳಿಬಿಡು.”

ಅರವತ್ತರ ಹತ್ತಿರದ ಮನುಷ್ಯ. ತನ್ನ ಕಣ್ಣಿನ ಮೇಲೆ ತಾನೇ ಅನುಮಾನಪಟ್ಟುಕೊಂಡು ಎರಡು ಬಸ್ಸು ಹತ್ತಿ ಹೋಗಿ ಬಂದಿದ್ದಾರೆ. ಬಣ್ಣದವರು ಎಂದು ನಾನು ಅಂದಿದ್ದ ಮಾತು ನೆನಪಾಯಿತು.

ಎಲ್ಲ ಹೇಳಿದೆ. ಪೂರ್ಣಾಂಕ, ಬಾಲ, ನಲವತ್ತಮೂರು, ತಿಜೋರಿ, ಇಪ್ಪತ್ತನೇ ತಾರೀಖು. ಅವರು ಟೋಪಿ ತೆಗೆದು ಅದರ ಒಳಗೇ ನೋಡಿದರು.

“ಒಮ್ಮೆ ನಾ ವಾಶರ್ ಉಲ್ಟಾ ಹಾಕಿ ಇಡೀ ಊರಿಗೆ ಮೂರ ದಿವಸ ನೀರ ನಿಲ್ಲಿಸಿದ್ದೆ” ಎಂದರು. “ಪೈಪ್ ಒಡದೈತಿ ಅಂತ ಸುಳ್ಳ ಹೇಳಿದ್ದೆ. ಮೂರನೇ ದಿವಸ ತಡಕೊಳ್ಳಾಕ ಆಗಲಿಲ್ಲ. ಹೋಗಿ ಎಲ್ಲಾರ ಮುಂದ ಹೇಳಿ ಬಿಚ್ಚಿ ಕೂಡಿಸಿದೆ. ಬೈದ್ರು. ಹೆಣ್ಮಕ್ಕಳ ಬೈಗಳಾ ಕೇಳಿಯೇನ ನೀನು? ಕೇಳಬೇಕ ನೋಡು! ಬೈಸ್ಕೊಂಡೆ. ಬೈಸ್ಕೊಂಡ್ರ ಮೈಯೇನ ಸವಿತೈತಿ?”

“ನಿಮ್ಮ ಕೆಲಸ ಹೋದ್ರ, ಕಾಕಾ?”

“ಪಂಪ ಬಿಚ್ಚೂ ಪಾನಾ ಹಿಡಿಯೂದ ಇನ್ನೂ ಮರತಿಲ್ಲವಾ.”

ಹಾಳೆಗಳನ್ನು ನನ್ನ ಹತ್ತಿರವೇ ಬಿಟ್ಟುಹೋದರು. ಏನು ಮಾಡು ಎಂದು ಹೇಳಲೂ ಇಲ್ಲ. ಈಗ ಅವು ನನ್ನ ತೊಡೆಯ ಮೇಲಿವೆ, ಅವುಗಳ ಮೇಲೆಯೇ ಡೈರಿ ಇಟ್ಟು ಬರೆಯುತ್ತಿದ್ದೇನೆ.

19 ಮಾರ್ಚ್, ಬುಧವಾರ. ಶಿಗ್ಗಾಂವ ಬಸ್ ನಿಲ್ದಾಣ

ಎರಡು ಬಸ್ಸು ಬಿಟ್ಟೆ. ಮೊದಲು ಬರೆದುಬಿಡುತ್ತೇನೆ.

ನಾಲ್ಕು ಗಂಟೆಗೆ ಸಾಹೇಬರು ಕರೆದರು. ತಿಜೋರಿ ತೆರೆದು ನನ್ನ ಕವರು ಹೊರಗೆ ತೆಗೆದು ಟೇಬಲ್ಲಿನ ಮೇಲಿಟ್ಟರು. ಎಂಟು ತಿಂಗಳ ಮೇಲೆ ನೋಡಿದೆ. ಪ್ಲಾಸ್ಟಿಕ್ಕಿನೊಳಗೆ ನನ್ನ ಹತ್ತನೆಯ ತರಗತಿಯ ಫೋಟೋ ಕಾಣುತ್ತಿತ್ತು, ಎರಡು ಜಡೆ, ಕಣ್ಣು ಇಷ್ಟಗಲ. ಪಕ್ಕದಲ್ಲಿ ಇನ್ನೊಂದು ಕಾಗದವಿಟ್ಟರು. ‘612 ಬೋರುಗಳ ಅಂಕಿಗಳನ್ನು ನಾನೇ ಪರಿಶೀಲಿಸಿದ್ದೇನೆ, ಎಲ್ಲವೂ ಸರಿಯಾಗಿವೆ.’ ಕೆಳಗೆ ನನ್ನ ಹೆಸರು ಟೈಪಾಗಿತ್ತು.

“ಇಲ್ಲೊಂದ ಸಹಿ ಮಾಡು, ಇದನ್ನ ತಗೊಂಡ ನಡಿ. ನಾಳೆ ದೊಡ್ಡ ಕೆಲಸಕ್ಕ ಹೊಂಟೀ. ಒಳ್ಳೇದಾಗ್ಲಿ.” ಪೆನ್ನಿನ ಟೋಪಿ ತೆಗೆದು ಕೊಟ್ಟರು.

ಪೆನ್ನು ಹಿಡಿದೆ. ದೇವರಾಣೆ ಹಿಡಿದೆ. ಅಮ್ಮಿ ಬಂದಳು ಕಣ್ಣ ಮುಂದೆ, ಆ ಚೂಡಿದಾರಕ್ಕೆ ಇಸ್ತ್ರಿ ಮಾಡಿಟ್ಟಿದ್ದಾಳೆ. ಸಹಿಯ ಮೊದಲ ಅಕ್ಷರದ ಗೆರೆಯನ್ನೂ ಎಳೆದೆ. ಅಷ್ಟೇ ಆಯಿತು.

“ಎಲ್ಲಾ ಸರಿ ಇಲ್ರಿ” ಎಂದೆ.

“ಏನು?”

“ಎಲ್ಲಾ ಸರಿ ಇಲ್ರಿ. ನಲವತ್ಮೂರ ತಪ್ಪ ಅದಾವ. ನಾನ ಮಾಡೇನಿ.”

ಅವರು ನನ್ನನ್ನು ನೋಡಿದರು. ಇಷ್ಟು ಹೊತ್ತು ಅಲ್ಲಿ ಬೇರೆ ಯಾರೋ ಕೂತಿದ್ದರು ಎನ್ನುವ ಹಾಗೆ. “ಬಾಗಲಾ ಹಾಕ್ಕೊಂಡ ಹೋಗು. ನಾಳಿಂದ ಬರಬ್ಯಾಡ” ಎಂದು ಕವರನ್ನು ಒಳಗಿಟ್ಟು ಕೀಲಿ ತಿರುಗಿಸಿದರು. ನನ್ನ ಕಾಗದ ನೀವು ಇಟ್ಕೊಳ್ಳಾಕ ಬರೂದಿಲ್ರಿ ಎಂದು ಹೇಳಬೇಕಿತ್ತು. ಹೊಳೆದದ್ದು ಮೆಟ್ಟಿಲಿಳಿದ ಮೇಲೆ. ಬಾಗಿಲು ಮಾತ್ರ ತೆರೆದೇ ಇಟ್ಟು ಬಂದೆ.

ನಿಲ್ದಾಣದ ಪಕ್ಕದ ಕಂಪ್ಯೂಟರ್ ಅಂಗಡಿಯಿಂದ ಹೊಸ ಫೈಲು ಕಳಿಸಿದೆ. ಕಾಕಾನ ಹಾಳೆಗಳ ಫೋಟೋ ಕಳಿಸಿದೆ. ಒಂದು ಪತ್ರವನ್ನು ಕೈಯಿಂದಲೇ ಬರೆದು, ಸಹಿ ಮಾಡಿ, ಅದರ ಫೋಟೋವನ್ನೂ ಕಳಿಸಿದೆ. ನಲವತ್ತಮೂರು ಬೋರುಗಳನ್ನು ಒಂದೊಂದಾಗಿ ಬರೆದು, ಅಳತೆಯನ್ನು ಅಂಕಿಯಲ್ಲಿ ಬರೆಯದೆ ಮಾತಿನಲ್ಲಿ ಬರೆದೆ. ಒಂದು ಚುಕ್ಕಿ ಏಳು ಐದು, ಅಂದರೆ ಪಾವಣೆ ಎರಡು. ಈ ಸಲ ಯಾವ ಯಂತ್ರವೂ ಕತ್ತರಿಸಬಾರದು, ಮನುಷ್ಯರೇ ಓದಬೇಕು. ಕೊನೆಗೆ, ತಪ್ಪು ನನ್ನದು, ಹಾಳೆ ಬರೆದವರದಲ್ಲ ಎಂದು ಬರೆದು ಹೆಸರು ಹಾಕಿದೆ.

ಆಮೇಲೆ ಮೇಲಿನ ಆಫೀಸಿಗೆ ಫೋನು. ವಾಣಿಶ್ರೀ ಎಂಬವರು ಎತ್ತಿದರು. ಮೊದಲು ರೇಗಿದರು. ಇಷ್ಟ ದಿವಸ ಏನ ಮಾಡತಿದ್ರಿ ಎಂದರು. ಬೈಸಿಕೊಂಡೆ. ಆಮೇಲೆ ಪತ್ರ ತೆರೆದು ಓದುವ ಸದ್ದು, ಗುಣುಗುಣು. “ಪಾವಣೆ ಎರಡು… ನಮ್ಮಪ್ಪನೂ ಹಿಂಗ ಬರೀತಿದ್ರು” ಎಂದರು. “ನಲವತ್ಮೂರೂ ಮತ್ತ ಪರೀಕ್ಷಾ ಮಾಡಸ್ತೇವಿ. ಅಲ್ಲೀತನಕ ಕೆಂಪ ಹಚ್ಚಸ್ರಿ. ಮಂದಿ ಕುಡಿಯೂದ ಮೊದಲ ನಿಲ್ಲಲಿ, ಆರ್ಡರ್ ಈಗ ಕಳಸ್ತೇನಿ.”

ಮೂರನೆಯ ಬಸ್ಸು ಬಂತು.

21 ಮಾರ್ಚ್, ಶುಕ್ರವಾರ. ಮನೆ, ಬೆಳಿಗ್ಗೆ

ಬಸ್ಸಿಲ್ಲ, ಅದಕ್ಕೆ ಪಡಸಾಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅಮ್ಮಿ ಎದುರಿಗೇ ಅಕ್ಕಿ ಆರಿಸುತ್ತಿದ್ದಾಳೆ. ಏನು ಬರೀತಿ ಅಷ್ಟು ಎಂದಳು. ನಿನ್ನೆಯದು ಎಂದೆ. ಬಲಗೈ ಎತ್ತಲು ಬರುತ್ತಿಲ್ಲ, ಅಕ್ಷರ ಬಸ್ಸಿಗಿಂತ ಹೆಚ್ಚು ಕುಣಿಯುತ್ತಿವೆ.

ನಿನ್ನೆ ಆ ತಿಳಿ ನೀಲಿ ಚೂಡಿದಾರವನ್ನೇ ಹಾಕಿಕೊಂಡು ಹಾವೇರಿಗೆ ಹೋದೆ. ಹೋಗದಿದ್ದರೆ ಅಮ್ಮಿಗೆ ಇನ್ನಷ್ಟು ದುಃಖ. ಜೆರಾಕ್ಸು ತೋರಿಸಿದೆ. ಅಸಲಿ ಎಲ್ಲಿ ಎಂದರು. ತಿಜೋರಿಯಲ್ಲಿ ಎಂದೆ. ಮುಂದಿನವರನ್ನು ಕರೆದರು. ಎರಡು ನಿಮಿಷದ ಕೆಲಸ. ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ, ಮೂರು ವರ್ಷದ್ದೆಲ್ಲ ಸೇರಿಸಿ ಅತ್ತೆ. ಮೂಗು ಒರೆಸಿಕೊಂಡು ಹಿರೇಕೆರೂರಿನ ಬಸ್ಸು ಹತ್ತಿದೆ.

ಆರ್ಡರಿನ ಸುದ್ದಿಯನ್ನು ಹಿಂದಿನ ರಾತ್ರಿಯೇ ಫೋನಿನಲ್ಲಿ ಹೇಳಿದ್ದೆ, ಉಳಿವೆಪ್ಪ ಕಾಕಾ ಕೆಂಪು ಬಣ್ಣದ ಡಬ್ಬಿ ಹಿಡಿದು ಆಗಲೇ ಬಂದಿದ್ದರು. ನಲವತ್ತಮೂರರಲ್ಲಿ ಮೊದಲನೆಯದು 417 ಎಂದು ನಾನೇ ಹಟ ಹಿಡಿದಿದ್ದೆ. ಕಾಕಾ ಬಣ್ಣ ಬಳಿಯಲು ಶುರು ಮಾಡುತ್ತಿದ್ದಂತೆ ಸಿದ್ದವ್ವ ಖಾಲಿ ಕೊಡ ಹಿಡಿದು ಬಂದಳು. ಹೇಳಿದೆ. ಅಜ್ಜಿ, ಈ ನೀರು ಕುಡಿಬ್ಯಾಡ್ರಿ, ನಾ ಬರದದ್ದು ತಪ್ಪಾಗಿತ್ತು, ಹಿಂದ ಇದನ್ನ ಕುಡದ ಮೊಮ್ಮಗಳ ಹಲ್ಲು ಹೆಂಗಾಗ್ಯಾವ ನೋಡ್ರಿ ಎಂದೆ.

ಕಾಕಾ ಹೇಳಿದ್ದು ಸುಳ್ಳಲ್ಲ. ಹೆಣ್ಣುಮಕ್ಕಳ ಬೈಗುಳ ಕೇಳಬೇಕು. “ನಿಮ್ಮ ಬಾಯಾಗ ಮಣ್ಣ ಬೀಳ್ಲಿ! ಒಂದ ದಿವಸ ಕೆಂಪ, ಒಂದ ದಿವಸ ನೀಲಿ, ನಾವೇನ ನಿಮಗ ಬೊಂಬಿಯೇನ? ಒಂದ ತಿಂಗಳ ಈ ಕೂಸಿಗೆ ಇದನ್ನ ಕುಡಿಸೇನಲ್ಲ, ನನ್ನ ಕೈಯಾರೆ! ನಾ ನಿನಗ ಹರಸಿದ್ದೆ, ಅದನ್ನ ತಿರುಗಿ ಕೊಡು!” ಓಣಿಯ ಮಂದಿಯೆಲ್ಲ ಸೇರಿದರು. ನಾನು ಕೈಕಟ್ಟಿ ನಿಂತೆ.

ಬೈದು ಬೈದು ಸಾಕಾಗಿ ಕೊಡವನ್ನು ನನ್ನ ಎದೆಗೆ ಒತ್ತಿದಳು. “ಹೊರು. ನಾ ಹೆಂಗ ಹೊರತಿದ್ದೆ ನಿನಗೂ ಗೊತ್ತಾಗ್ಲಿ.”

ಹೊತ್ತೆ. ಹಳ್ಳ ದಾಟಿ ಘಟಕಕ್ಕೆ ಸವ್ವಾ ಕಿಲೋಮೀಟರ್. ಹೋಗುವಾಗ ಖಾಲಿ ಕೊಡ, ಅದೇನೂ ಇಲ್ಲ. ಬರುವಾಗ ಹಳ್ಳದ ಏರಿನಲ್ಲಿ ಮೊಣಕಾಲು ಕುಸಿಯಿತು. ತಲೆಯ ಮೇಲೆ ಹೊರಲು ಬಾರದೆ ಭುಜದ ಮೇಲಿಟ್ಟುಕೊಂಡಿದ್ದೆ. ಸಿದ್ದವ್ವ ಪಕ್ಕದಲ್ಲೇ ನಡೆಯುತ್ತ, “ಚೆಲ್ಲಬ್ಯಾಡ, ಹಂಗಲ್ಲ ಹಿಂಗ ಹಿಡಿ, ಯಾವ ಸಾಲಿ ಕಲತೀಯೋ ಏನೋ” ಎಂದು ಇಡೀ ದಾರಿ ಬಿಡದೆ ಬೈಯುತ್ತ ಬಂದಳು. ಹೊಸ ಚೂಡಿದಾರ ಅರ್ಧ ತೊಯ್ದಿತ್ತು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತ್ತು. ಮನೆ ಮುಟ್ಟುವ ಹೊತ್ತಿಗೆ ಪಂಪು ಕೆಂಪಗಾಗಿತ್ತು, ಆಕಾಶವೂ.

ಊರಿನ ಇನ್ನೊಂದು ತುದಿಯ ಮಸೀದಿಯಿಂದ ಅಜಾನ್ ಕೇಳಿಸಿತು. ಖರ್ಜೂರ ಲ್ಯಾಬಿನ ಡ್ರಾಯರಿನಲ್ಲೇ ಉಳಿದಿತ್ತು. ಸಿದ್ದವ್ವ ಕೊಡ ಇಳಿಸಿಕೊಂಡಳು. ಮೊಮ್ಮಗಳು ಲೋಟ ಹಿಡಿದು ಓಡಿ ಬಂತು, ಅದರ ಕೈಯಿಂದ ಅಜ್ಜಿ ಲೋಟ ತೆಗೆದುಕೊಂಡು ತುಂಬಿ, ನನ್ನ ಮುಂದೆ ಹಿಡಿದಳು.

“ನಿಮ್ಮ ಉಪಾಸ ಬಿಡೂ ಹೊತ್ತಾತಲ್ಲ. ಏನ ನೋಡ್ತೀ ಮಿಕಮಿಕ? ಕುಡಿ. ನೀನ ಹೊತ್ತ ತಂದದ್ದು.”

ಮುಖ ಗಂಟು ಹಾಕಿಕೊಂಡೇ ಕೊಟ್ಟಳು. ನೀರು ಬೆಚ್ಚಗಿತ್ತು, ಕೊಡದ ವಾಸನೆ ಇತ್ತು. ಎರಡು ಲೋಟ ಕುಡಿದೆ.